ವಿಂಟೇಜ್ ಕಾರುಗಳ ಮಾಪಕಗಳ ದುರಸ್ತಿ

ವಿಂಟೇಜ್ ಕಾರುಗಳ ಮಾಪಕಗಳ ದುರಸ್ತಿ ಎಂದರೆ ಹಳೆಯ ಮೋಟಾರು ವಾಹನಗಳ ಡ್ಯಾಶ್‌ಬೋರ್ಡಿನಲ್ಲಿರುವ ವೇಗಮಾಪಕ, ಎಣ್ಣೆ ಒತ್ತಡ ಮಾಪಕ, ತಾಪಮಾಪಕ, ಇಂಧನ ಮಾಪಕ ಮತ್ತು ಆಮ್ಮೀಟರ್‌ಗಳ ಮುಳ್ಳು ಅಂಟಿಕೊಂಡಾಗ ಅಥವಾ ತಡವರಿಸಿದಾಗ ಅದನ್ನು ಬಿಡಿಸಿ, ಶುಚಿಗೊಳಿಸಿ, ಅಗತ್ಯವಿರುವ ಕಡೆ ಮಾತ್ರ ಕೀಲೆಣ್ಣೆ ಹಾಕಿ ಮತ್ತೆ ಸರಿಯಾಗಿ ತೋರಿಸುವಂತೆ ಮಾಡುವ ಕೆಲಸ. ಈ ಮಾಪಕಗಳು ರಚನೆಯಲ್ಲಿ ಗಡಿಯಾರಕ್ಕೆ ಹತ್ತಿರವಾದವು. ಆದ್ದರಿಂದ ಇವುಗಳ ದುರಸ್ತಿಯೂ ಎಂಜಿನ್ ದುರಸ್ತಿಗಿಂತ ಗಡಿಯಾರದ ದುರಸ್ತಿಯನ್ನೇ ಹೆಚ್ಚು ಹೋಲುತ್ತದೆ. ಅಂಟಿಕೊಂಡ ಮಾಪಕವು ಕೇವಲ ಅಂದದ ಕೊರತೆಯಲ್ಲ. ಒತ್ತಡ ಇಲ್ಲದಿದ್ದರೂ ಇದೆಯೆಂದು ತೋರಿಸುವ ಎಣ್ಣೆ ಮಾಪಕ ಅಥವಾ ನೀರು ಕುದಿಯುತ್ತಿದ್ದರೂ ತಂಪೆಂದು ತೋರಿಸುವ ತಾಪಮಾಪಕವು, ಬಿಡಿಭಾಗಗಳು ಸಿಗದ ಹಳೆಯ ಎಂಜಿನ್ನನ್ನು ಕೆಲವೇ ನಿಮಿಷಗಳಲ್ಲಿ ಹಾಳುಮಾಡಬಲ್ಲದು.

ಇತಿಹಾಸ

ಕಾರಿನ ಮಾಪಕಗಳಲ್ಲಿ ಬಳಕೆಯಾದ ತತ್ತ್ವಗಳಲ್ಲಿ ಕೆಲವು ಕಾರಿಗಿಂತಲೂ ಹಳೆಯವು. ಫ್ರಾನ್ಸಿನ ಯೂಜೀನ್ ಬೂರ್ಡಾನ್ 1849ರಲ್ಲಿ ಬಾಗಿದ ಲೋಹದ ಕೊಳವೆಯಿಂದ ಒತ್ತಡ ಅಳೆಯುವ ಸಾಧನಕ್ಕೆ ಪೇಟೆಂಟ್ ಪಡೆದನು. ಆರಂಭದಲ್ಲಿ ಉಗಿಯಂತ್ರಗಳಲ್ಲಿ ಬಳಕೆಯಾದ ಈ ಸಾಧನವು ಮುಂದೆ ಕಾರಿನ ಎಣ್ಣೆ ಒತ್ತಡ ಮಾಪಕವಾಯಿತು. ಜರ್ಮನಿಯ ಒಟ್ಟೊ ಶುಲ್ಜೆ 1902ರಲ್ಲಿ ಸುಳಿ ವಿದ್ಯುತ್ಪ್ರವಾಹದ ತತ್ತ್ವದ ಮೇಲೆ ಕೆಲಸ ಮಾಡುವ ವೇಗಮಾಪಕಕ್ಕೆ ಪೇಟೆಂಟ್ ಪಡೆದನು. ವಿದ್ಯುನ್ಮಾನ ವೇಗಮಾಪಕಗಳು ಬರುವವರೆಗೆ ಬಹುತೇಕ ಎಲ್ಲ ಕಾರುಗಳಲ್ಲಿಯೂ ಇದೇ ರಚನೆ ಉಳಿದುಕೊಂಡಿತು.

ಇಪ್ಪತ್ತನೆಯ ಶತಮಾನದ ಆರಂಭದ ಕಾರುಗಳಲ್ಲಿ ಮಾಪಕಗಳು ಬಹಳ ಕಡಿಮೆ ಇದ್ದವು. ರೇಡಿಯೇಟರಿನ ಮುಚ್ಚಳದ ಮೇಲೆಯೇ ಕೂರಿಸಿದ ತಾಪಮಾಪಕವನ್ನು ಚಾಲಕನು ತನ್ನ ಸೀಟಿನಿಂದ ನೋಡಬೇಕಾಗಿತ್ತು. ಕ್ರಮೇಣ ಎಲ್ಲ ಮಾಪಕಗಳೂ ಡ್ಯಾಶ್‌ಬೋರ್ಡಿಗೆ ಬಂದವು. ಬ್ರಿಟಿಷ್ ಕಾರುಗಳಿಗೆ ಹೆಚ್ಚಿನ ಸಂಖ್ಯೆಯಲ್ಲಿ ಮಾಪಕ ಒದಗಿಸಿದ ಸ್ಮಿತ್ಸ್ ಸಂಸ್ಥೆಯು ಮೂಲತಃ ಲಂಡನ್ನಿನ ಗಡಿಯಾರ ವ್ಯಾಪಾರದಿಂದ ಬೆಳೆದುದು. ಅಮೆರಿಕದಲ್ಲಿ ಸ್ಟೀವರ್ಟ್-ವಾರ್ನರ್ ಸಂಸ್ಥೆಯ ಮಾಪಕಗಳು ಪ್ರಸಿದ್ಧವಾಗಿದ್ದವು.

ಮಾಪಕಗಳ ರಚನೆ

ಮಾಪಕ ಅಂಟಿಕೊಂಡಿದೆ ಎಂದ ಕೂಡಲೇ ಎಣ್ಣೆ ಹಾಕುವುದು ಸರಿಯಾದ ಕ್ರಮವಲ್ಲ. ಮಾಪಕದ ಬಗೆಗೆ ತಕ್ಕಂತೆ ದೋಷದ ಸ್ಥಾನ ಬೇರೆಯಾಗುತ್ತದೆ. ಕೆಲವು ಬಗೆಗಳಿಗೆ ಎಣ್ಣೆಯೇ ಶತ್ರು.

ವೇಗಮಾಪಕ: ಗೇರ್‌ಬಾಕ್ಸಿನಿಂದ ಬರುವ ತಿರುಗುವ ಕೇಬಲ್ ಮಾಪಕದೊಳಗಿನ ಕಾಯಂ ಅಯಸ್ಕಾಂತವನ್ನು ತಿರುಗಿಸುತ್ತದೆ. ಅಯಸ್ಕಾಂತದ ಸುತ್ತ, ಅದಕ್ಕೆ ತಾಗದಂತೆ, ಅಲ್ಯೂಮಿನಿಯಂ ಅಥವಾ ತಾಮ್ರದ ಬಟ್ಟಲೊಂದಿರುತ್ತದೆ. ಅಯಸ್ಕಾಂತ ತಿರುಗಿದಾಗ ಬಟ್ಟಲಿನಲ್ಲಿ ಸುಳಿ ಪ್ರವಾಹಗಳು ಉಂಟಾಗಿ ಅದನ್ನು ಎಳೆಯುತ್ತವೆ. ಕೂದಲೆಳೆಯಂತಹ ಸುರುಳಿ ಸ್ಪ್ರಿಂಗ್ ಆ ಎಳೆತವನ್ನು ತಡೆಯುತ್ತದೆ. ಇವೆರಡೂ ಸಮವಾದ ಜಾಗದಲ್ಲಿ ಮುಳ್ಳು ನಿಲ್ಲುತ್ತದೆ. ಕೇಬಲ್ಲಿಗೂ ಮುಳ್ಳಿಗೂ ನಡುವೆ ಯಾವುದೇ ನೇರ ಜೋಡಣೆ ಇಲ್ಲ.

ಎಣ್ಣೆ ಒತ್ತಡ ಮಾಪಕ: ಎಂಜಿನ್ನಿನ ಎಣ್ಣೆಯು ಸಣ್ಣ ಕೊಳವೆಯ ಮೂಲಕ ಮಾಪಕದೊಳಗಿನ ಬಾಗಿದ ಬೂರ್ಡಾನ್ ಕೊಳವೆಗೆ ಬರುತ್ತದೆ. ಒತ್ತಡ ಹೆಚ್ಚಿದಂತೆ ಕೊಳವೆ ತುಸು ನೆಟ್ಟಗಾಗುತ್ತದೆ. ಸನ್ನೆ ಅಥವಾ ಸಣ್ಣ ಹಲ್ಲುಚಕ್ರಗಳು ಈ ಚಲನೆಯನ್ನು ಹಿಗ್ಗಿಸಿ ಮುಳ್ಳಿಗೆ ಕೊಡುತ್ತವೆ.

ಸೂಕ್ಷ್ಮನಾಳದ ತಾಪಮಾಪಕ: ಎಂಜಿನ್ನಿನಲ್ಲಿ ಮುಳುಗಿರುವ ಬುರುಡೆಯೊಳಗೆ ಈಥರ್‌ನಂತಹ ಬೇಗ ಆವಿಯಾಗುವ ದ್ರವವಿರುತ್ತದೆ. ಬಿಸಿಯಾದಾಗ ಹೆಚ್ಚುವ ಆವಿಯ ಒತ್ತಡವು ತಾಮ್ರದ ಸೂಕ್ಷ್ಮನಾಳದ ಮೂಲಕ ಬಂದು ಬೂರ್ಡಾನ್ ಕೊಳವೆಯನ್ನೇ ಚಲಿಸುತ್ತದೆ. ಬುರುಡೆ, ನಾಳ ಮತ್ತು ಮಾಪಕ ಮೂರೂ ಸೇರಿ ಒಂದೇ ಮುಚ್ಚಿದ ಘಟಕ. ನಾಳವನ್ನು ಕತ್ತರಿಸಿದರೆ ಮಾಪಕ ಸತ್ತಂತೆ.

ದ್ವಿಲೋಹ ಮಾಪಕ: 1950ರ ದಶಕದಿಂದೀಚೆಗೆ ಹೆಚ್ಚಾಗಿ ಬಳಕೆಗೆ ಬಂದ ವಿದ್ಯುತ್ ಇಂಧನ ಮತ್ತು ತಾಪಮಾಪಕಗಳಲ್ಲಿ ದ್ವಿಲೋಹ ಪಟ್ಟಿಯೊಂದಕ್ಕೆ ತಂತಿ ಸುತ್ತಿರುತ್ತದೆ. ವಿದ್ಯುತ್ ಹರಿದಾಗ ಪಟ್ಟಿ ಬಿಸಿಯಾಗಿ ಬಾಗುತ್ತದೆ. ಇವುಗಳ ಮುಳ್ಳು ನಿಧಾನವಾಗಿ ಏರುವುದು ಸಹಜ, ದೋಷವಲ್ಲ. ಬ್ಯಾಟರಿಯ ಏರಿಳಿತ ತಟ್ಟದಂತೆ ಇವುಗಳಿಗೆ ಪ್ರತ್ಯೇಕ ವೋಲ್ಟೇಜ್ ಸ್ಥಿರಕಾರಿ ಇರುತ್ತದೆ. ಸ್ಮಿತ್ಸ್ ಮಾಪಕಗಳಲ್ಲಿ ಅದು ಸರಾಸರಿ 10 ವೋಲ್ಟ್ ಕೊಡುತ್ತದೆ.

ಆಮ್ಮೀಟರ್ ಮತ್ತು ಚಲಕಬ್ಬಿಣ ಮಾಪಕ: ಸುರುಳಿಗಳ ಕಾಂತಕ್ಷೇತ್ರದಲ್ಲಿ ಸಣ್ಣ ಕಬ್ಬಿಣದ ತುಂಡು ತಿರುಗಿ ಮುಳ್ಳನ್ನು ಒಯ್ಯುತ್ತದೆ. ಇವು ಕ್ಷಣಮಾತ್ರದಲ್ಲಿ ಪ್ರತಿಕ್ರಿಯಿಸುತ್ತವೆ.

ಅಂಟಿಕೊಳ್ಳಲು ಕಾರಣಗಳು

ಹಳೆಯ ಗ್ರೀಸು ಮತ್ತು ಎಣ್ಣೆ ಗಟ್ಟಿಯಾಗುವುದು ಅತ್ಯಂತ ಸಾಮಾನ್ಯವಾದ ಕಾರಣ. ಹತ್ತಾರು ವರ್ಷ ನಿಂತ ಕಾರಿನಲ್ಲಿ ವೇಗಮಾಪಕದ ಅಯಸ್ಕಾಂತದ ಅಚ್ಚಿನ ಗ್ರೀಸು ಮೇಣದಂತಾಗಿರುತ್ತದೆ. ಅಂತಹ ಕಾರನ್ನು ಹಾಗೆಯೇ ಓಡಿಸಿದರೆ ಮೊದಲು ಕೀಚಲು ಸದ್ದು ಕೇಳಿ, ನಂತರ ಕೇಬಲ್ ತುಂಡಾಗುತ್ತದೆ. ಅಚ್ಚು ಸವೆದು ಅಯಸ್ಕಾಂತವು ಬಟ್ಟಲಿಗೆ ತಾಗಿದರೆ ಮುಳ್ಳು ಒಮ್ಮೆಲೇ ಗರಿಷ್ಠ ವೇಗಕ್ಕೆ ಹಾರುತ್ತದೆ.

ದೂಳು ಎರಡನೆಯ ಕಾರಣ. ವಿಜಯಪುರ, ತಿಕೋಟಾ, ಬಬಲೇಶ್ವರ ಭಾಗದಂತಹ ಎರೆಮಣ್ಣಿನ ಬಯಲುಸೀಮೆಯಲ್ಲಿ ಬೇಸಿಗೆಯ ಗಾಳಿಯೊಂದಿಗೆ ಏಳುವ ನುಣುಪಾದ ದೂಳು ಸವೆದ ರಬ್ಬರ್ ಸುತ್ತುಗಳ ಸಂದಿಯಿಂದ ಮಾಪಕದೊಳಗೆ ಸೇರುತ್ತದೆ. ಒಣ ದೂಳಿಗಿಂತ ಎಣ್ಣೆಯೊಡನೆ ಬೆರೆತ ದೂಳು ಹೆಚ್ಚು ಅಪಾಯಕಾರಿ. ಅದು ಉಜ್ಜುವ ಹಿಟ್ಟಿನಂತೆ ಅಚ್ಚಿನ ತುದಿಗಳನ್ನು ಸವೆಸುತ್ತದೆ.

ತಪ್ಪು ಎಣ್ಣೆಯ ಬಳಕೆ ಮೂರನೆಯದು. ಮನೆಯಲ್ಲಿ ಸಿಗುವ ಅಡುಗೆ ಎಣ್ಣೆಗಳು ಮಾಪಕಕ್ಕೆ ಹೊಂದುವುದಿಲ್ಲ. ಉತ್ತರ ಕರ್ನಾಟಕದ ಒಣಭೂಮಿಯಲ್ಲಿ ಬೆಳೆಯುವ ಕುಸುಬೆ ಮತ್ತು ಅಗಸೆಯ ಎಣ್ಣೆಗಳು ಗಾಳಿಯ ಆಮ್ಲಜನಕದೊಡನೆ ಸೇರಿ ಪೊರೆಗಟ್ಟುವ ಗುಣದವು. ಬಣ್ಣ ತಯಾರಿಕೆಯಲ್ಲಿ ಅವು ಬಳಕೆಯಾಗುವುದು ಇದೇ ಗುಣದಿಂದ. ಮಾಪಕದ ಅಚ್ಚಿಗೆ ಹಾಕಿದರೆ ಕೆಲವು ತಿಂಗಳಲ್ಲಿ ಅಂಟಾಗಿ, ಮುಂದೆ ವಾರ್ನಿಷಿನಂತೆ ಗಟ್ಟಿಯಾಗುತ್ತವೆ. ಕೊಬ್ಬರಿ ಎಣ್ಣೆ ಹಾಗೆ ಒಣಗದಿದ್ದರೂ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಆದ್ದರಿಂದ ಮಧ್ಯಾಹ್ನ ಸರಿಯಾಗಿ ಓಡಿದ ಮುಳ್ಳು ಚಳಿಗಾಲದ ಮುಂಜಾನೆ ಕದಲದೆ ನಿಲ್ಲಬಹುದು. ತುಕ್ಕು ಬಿಡಿಸಲು ಡಬ್ಬಿಯಿಂದ ಸಿಂಪಡಿಸುವ ದ್ರವಗಳು ತಕ್ಷಣ ಮುಳ್ಳನ್ನು ಸಡಿಲಿಸಿದರೂ, ದ್ರಾವಕ ಆರಿದ ಮೇಲೆ ಉಳಿಯುವ ಪೊರೆ ದೂಳನ್ನು ಹಿಡಿಯುತ್ತದೆ. ಡಯಲಿನ ಬಣ್ಣವನ್ನೂ ಕರಗಿಸಬಲ್ಲದು.

ಸತುವಿನ ಎರಕದ ಭಾಗಗಳು ಉಬ್ಬುವುದು ನಾಲ್ಕನೆಯ ಕಾರಣ. ಎರಡನೆಯ ಮಹಾಯುದ್ಧಕ್ಕೆ ಮೊದಲಿನ ಕೆಲವು ಮಾಪಕಗಳ ಸತುವಿನ ಮಿಶ್ರಲೋಹದಲ್ಲಿ ಸೀಸದಂತಹ ಕಲ್ಮಶಗಳಿದ್ದವು. ಕಾಲಕ್ರಮದಲ್ಲಿ ಅಂತಹ ಭಾಗಗಳು ಉಬ್ಬಿ, ಬಿರುಕುಬಿಟ್ಟು ಅಚ್ಚನ್ನು ಬಿಗಿಹಿಡಿಯುತ್ತವೆ. ಯಾವ ಎಣ್ಣೆಯೂ ಇದನ್ನು ಸರಿಪಡಿಸದು, ಭಾಗವನ್ನೇ ಬದಲಿಸಬೇಕು.

ಇವಲ್ಲದೆ ಬಿಸಿಲಿಗೆ ಬಾಗಿದ ಮುಳ್ಳು ಡಯಲಿಗೆ ಅಥವಾ ಗಾಜಿಗೆ ತಾಗುವುದು, ಡಯಲಿನ ಬಣ್ಣ ಎದ್ದು ಮುಳ್ಳನ್ನು ತಡೆಯುವುದು, ಒತ್ತಡದ ಕೊಳವೆಯಲ್ಲಿ ಎಣ್ಣೆಯ ಕೆಸರು ಕಟ್ಟಿಕೊಳ್ಳುವುದು ಕೂಡ ಕಂಡುಬರುತ್ತವೆ.

ದೋಷ ಪತ್ತೆ

ಮಾಪಕವನ್ನು ಬಿಚ್ಚುವ ಮೊದಲು ದೋಷವು ಮಾಪಕದಲ್ಲಿದೆಯೇ ಅಥವಾ ಅದಕ್ಕೆ ಸುದ್ದಿ ತರುವ ಕೇಬಲ್, ಕೊಳವೆ, ತಂತಿಗಳಲ್ಲಿದೆಯೇ ಎಂಬುದನ್ನು ನಿರ್ಧರಿಸಲಾಗುತ್ತದೆ. ಅತ್ಯಂತ ಸರಳವಾದ ಪರೀಕ್ಷೆ ಬೆರಳ ತುದಿಯಿಂದ ಗಾಜನ್ನು ಮೆಲ್ಲಗೆ ತಟ್ಟುವುದು. ತಟ್ಟಿದಾಗ ಮುಳ್ಳು ಜಿಗಿದು ಬೇರೆ ಜಾಗದಲ್ಲಿ ನಿಂತರೆ ಒಳಗೆ ಘರ್ಷಣೆ ಇದೆ ಎಂದರ್ಥ. ಏನೂ ಆಗದಿದ್ದರೆ ದೋಷ ಹೊರಗಿರುವ ಸಾಧ್ಯತೆ ಹೆಚ್ಚು.

- ವೇಗದ ಮುಳ್ಳೂ ಮೈಲಿ ಎಣಿಕೆಯ ಅಂಕಿಗಳೂ ಎರಡೂ ನಿಂತಿದ್ದರೆ ಕೇಬಲ್ ತುಂಡಾಗಿದೆ ಅಥವಾ ಕಳಚಿದೆ.
- ಅಂಕಿಗಳು ಓಡುತ್ತಿದ್ದು ಮುಳ್ಳು ಮಾತ್ರ ಕದಲದಿದ್ದರೆ ಮುಳ್ಳಿನ ಅಚ್ಚು ಅಥವಾ ಸುರುಳಿ ಸ್ಪ್ರಿಂಗಿನಲ್ಲಿ ದೋಷ.
- ಮುಳ್ಳು ಸರಿಯಿದ್ದು ಅಂಕಿಗಳು ಮಾತ್ರ ನಿಂತಿದ್ದರೆ ಎಣಿಕೆಯ ಹಲ್ಲುಚಕ್ರಗಳಲ್ಲಿ ದೋಷ.
- ಮುಳ್ಳು ಒಂದೇ ಸಮನೆ ನಡುಗುತ್ತಿದ್ದರೆ ಕೇಬಲ್ ಒಣಗಿದೆ, ಬಾಗಿದೆ ಅಥವಾ ಅತಿ ಬಿಗಿಯಾದ ತಿರುವಿನಲ್ಲಿ ಕೂತಿದೆ.
- ಇಂಧನ ಮಾಪಕವು ಒಂದೇ ಜಾಗದಲ್ಲಿ ನಿಂತಿದ್ದರೆ ಮೊದಲು ಟ್ಯಾಂಕಿನೊಳಗಿನ ತೇಲುಗುಂಡು, ಅದರ ತಂತಿಸುರುಳಿ ಮತ್ತು ಅರ್ಥಿಂಗ್ ಅನ್ನು ಪರೀಕ್ಷಿಸಬೇಕು.
- ಇಂಧನ ಮತ್ತು ತಾಪಮಾಪಕ ಎರಡೂ ಒಟ್ಟಿಗೆ ಹೆಚ್ಚು ಅಥವಾ ಕಡಿಮೆ ತೋರಿಸಿದರೆ ವೋಲ್ಟೇಜ್ ಸ್ಥಿರಕಾರಿಯ ದೋಷವೆಂದು ಶಂಕಿಸಬೇಕು.

ಎಂಜಿನ್ ನಿಂತ ಮೇಲೂ ಎಣ್ಣೆ ಒತ್ತಡದ ಮುಳ್ಳು ಸೊನ್ನೆಗೆ ಮರಳದಿದ್ದರೆ ಅದರ ಯಾವ ಸೂಚನೆಯನ್ನೂ ನಂಬುವಂತಿಲ್ಲ. ಸರಿಯಾಗಿ ಕೆಲಸ ಮಾಡುವ ಇನ್ನೊಂದು ಮಾಪಕವನ್ನು ತಾತ್ಕಾಲಿಕವಾಗಿ ಜೋಡಿಸಿ ಹೋಲಿಸಿ ನೋಡುವವರೆಗೆ ಎಂಜಿನ್ ಓಡಿಸದಿರುವುದು ಕ್ಷೇಮ.

ದುರಸ್ತಿಯ ಕ್ರಮ

ಬಿಚ್ಚುವುದು: ಮೊದಲು ಬ್ಯಾಟರಿಯ ಸಂಪರ್ಕವನ್ನು ತೆಗೆಯಲಾಗುತ್ತದೆ. ಹಳೆಯ ಕಾರುಗಳಲ್ಲಿ ಆಮ್ಮೀಟರಿನ ತಂತಿಗಳಿಗೆ ಸಾಮಾನ್ಯವಾಗಿ ಫ್ಯೂಸ್ ಇರುವುದಿಲ್ಲ. ಸ್ಪ್ಯಾನರ್ ತಾಗಿದರೂ ತಂತಿಗಳು ಉರಿಯಬಹುದು. ತಂತಿಗಳಿಗೆ ಗುರುತು ಕಟ್ಟಿ, ಮೈಲಿ ಎಣಿಕೆಯ ಅಂಕಿಗಳ ಛಾಯಾಚಿತ್ರ ತೆಗೆದುಕೊಂಡ ಮೇಲೆ ಮಾಪಕವನ್ನು ಹೊರತೆಗೆಯಲಾಗುತ್ತದೆ. ಗಾಜನ್ನು ಹಿಡಿದಿರುವ ಲೋಹದ ಬಳೆಯನ್ನು ಕೆಲವು ಮಾಪಕಗಳಲ್ಲಿ ತಿರುಗಿಸಿ ಕಳಚಬಹುದು. ಮತ್ತೆ ಕೆಲವುಗಳಲ್ಲಿ ಅಂಚನ್ನು ಮಡಿಚಿರುತ್ತಾರೆ. ಅದನ್ನು ಸುತ್ತಲೂ ಸ್ವಲ್ಪಸ್ವಲ್ಪವೇ ಎಬ್ಬಿಸಬೇಕು. ಒಂದೇ ಕಡೆ ಬಲ ಹಾಕಿದರೆ ಗಾಜು ಒಡೆಯುತ್ತದೆ.

ಮುಳ್ಳಿನ ಗುರುತು: ವೇಗಮಾಪಕದ ಮುಳ್ಳು ನಿಂತಾಗ ಸಣ್ಣ ತಡೆಗೂಟಕ್ಕೆ ಒರಗಿರುತ್ತದೆ. ಸ್ಪ್ರಿಂಗಿನ ನಿಜವಾದ ವಿಶ್ರಾಂತಿ ಸ್ಥಾನ ಅದಕ್ಕಿಂತ ಕೆಳಗಿರುತ್ತದೆ. ಆದ್ದರಿಂದ ಮುಳ್ಳನ್ನು ಕೀಳುವ ಮೊದಲು ಅದನ್ನು ತಡೆಗೂಟದ ಮೇಲಿಂದ ಮೆಲ್ಲಗೆ ದಾಟಿಸಿ, ತಾನಾಗಿ ನಿಲ್ಲುವ ಜಾಗವನ್ನು ಗುರುತು ಮಾಡಿಕೊಳ್ಳಲಾಗುತ್ತದೆ. ಈ ಗುರುತಿಲ್ಲದೆ ಮುಳ್ಳನ್ನು ಮತ್ತೆ ಕೂರಿಸಿದರೆ ಮಾಪಕ ಎಲ್ಲ ವೇಗಗಳಲ್ಲಿಯೂ ತಪ್ಪು ತೋರಿಸುತ್ತದೆ. ದುರಸ್ತಿಗಾರರು ಹೆಚ್ಚಾಗಿ ಎಡವುವ ಹಂತ ಇದೇ.

ಶುಚಿಗೊಳಿಸುವುದು: ಗಟ್ಟಿಯಾದ ಗ್ರೀಸನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಅಥವಾ ಗಡಿಯಾರ ದುರಸ್ತಿಗಾರರು ಬಳಸುವ ಶುದ್ಧ ಪೆಟ್ರೋಲಿಯಂ ದ್ರಾವಕದಲ್ಲಿ ನೆನೆಸಿ, ಮೊನೆ ಮಾಡಿದ ಮೆತ್ತನೆಯ ಕಡ್ಡಿಯಿಂದ ತೆಗೆಯಲಾಗುತ್ತದೆ. ಅಯಸ್ಕಾಂತಕ್ಕೆ ಅಂಟಿದ ಕಬ್ಬಿಣದ ಪುಡಿ ಬಟ್ಟೆಗೆ ಬರುವುದಿಲ್ಲ; ಅಂಟುಪಟ್ಟಿಯಿಂದ ಒತ್ತಿ ಎತ್ತಬೇಕು. ಅಯಸ್ಕಾಂತವನ್ನು ಸುತ್ತಿಗೆಯಿಂದ ತಟ್ಟುವುದಾಗಲಿ ಕಾಯಿಸುವುದಾಗಲಿ ಮಾಡಿದರೆ ಅದರ ಬಲ ಕುಗ್ಗಿ ಮಾಪಕ ಕಡಿಮೆ ವೇಗ ತೋರಿಸುತ್ತದೆ. ಸುರುಳಿ ಸ್ಪ್ರಿಂಗಿನ ಸುತ್ತುಗಳು ಎಣ್ಣೆಯಿಂದ ಒಂದಕ್ಕೊಂದು ಅಂಟಿದ್ದರೆ ದ್ರಾವಕದಲ್ಲಿ ಅದ್ದಿ ಒಣಗಿಸಬೇಕು, ಇಕ್ಕಳದಿಂದ ಬಿಡಿಸಬಾರದು. ಡಯಲಿನ ಮುಖಕ್ಕೆ ದ್ರಾವಕ ತಾಗಿದರೆ ಅಕ್ಷರಗಳು ಅಳಿಸಿಹೋಗುತ್ತವೆ. ಅದನ್ನು ಮೆದುವಾದ ಒಣ ಕುಂಚದಿಂದ ಮಾತ್ರ ಒರೆಸುವುದು ರೂಢಿ.

ನಯಗೊಳಿಸುವುದು: ಮಾಪಕಗಳಲ್ಲಿ ಎಣ್ಣೆ ಬೇಕಾದ ಜಾಗಗಳು ಕೆಲವೇ. ವೇಗಮಾಪಕದ ಅಯಸ್ಕಾಂತದ ಅಚ್ಚು ವೇಗವಾಗಿ ತಿರುಗುವುದರಿಂದ ಅದರ ಬೇರಿಂಗಿಗೆ ಒಂದೆರಡು ಹನಿ ತೆಳುವಾದ ಖನಿಜ ಅಥವಾ ಕೃತಕ ಎಣ್ಣೆ ಬೇಕು. ಅಲ್ಲಿ ಉಣ್ಣೆಯ ತುಂಡು ಇದ್ದರೆ ಅದನ್ನು ನೆನೆಸಿದರೆ ಸಾಕು. ಮೈಲಿ ಎಣಿಕೆಯ ಹಲ್ಲುಚಕ್ರಗಳಿಗೆ ತೆಳುವಾಗಿ ಲೇಪಿಸಿದ ಗ್ರೀಸು ಸಾಕಾಗುತ್ತದೆ. ಮುಳ್ಳಿನ ಅಚ್ಚಿನ ತುದಿಗೆ ಗಡಿಯಾರದ ಎಣ್ಣೆಯನ್ನು ಸೂಜಿಯ ಮೊನೆಯಲ್ಲಿ ನಿಲ್ಲುವಷ್ಟು ಮಾತ್ರ ಮುಟ್ಟಿಸಲಾಗುತ್ತದೆ. ಹೆಚ್ಚಾದ ಎಣ್ಣೆ ಹರಿದು ಸ್ಪ್ರಿಂಗಿಗೂ ಬಟ್ಟಲಿಗೂ ಸೇರಿ ಮತ್ತೆ ಅದೇ ದೋಷವನ್ನು ತರುತ್ತದೆ. ದ್ವಿಲೋಹ ಮಾಪಕ ಮತ್ತು ಆಮ್ಮೀಟರ್‌ಗಳಿಗೆ ಎಣ್ಣೆ ಹಾಕುವ ಪದ್ಧತಿ ಇಲ್ಲ. ಅವುಗಳನ್ನು ಶುಚಿಗೊಳಿಸಿ ಒಣಗಿಸಿ ಬಿಡಬೇಕು. ಇತ್ತೀಚಿನ ಕೆಲವು ವಿದ್ಯುತ್ ಮಾಪಕಗಳಲ್ಲಿ ಮುಳ್ಳು ನಡುಗದಿರಲೆಂದು ದಪ್ಪ ಸಿಲಿಕೋನ್ ದ್ರವ ತುಂಬಿರುತ್ತಾರೆ. ಅದನ್ನು ಕೊಳೆಯೆಂದು ತಿಳಿದು ತೊಳೆದರೆ ಮುಳ್ಳು ನಿಲ್ಲದೆ ಓಲಾಡುತ್ತದೆ.

ಕೇಬಲ್: ಒಳತಂತಿಯನ್ನು ಹೊರಗೆಳೆದು, ತೊಳೆದು, ನೆಲದ ಮೇಲೆ ಉರುಳಿಸಿ ನೆಟ್ಟಗಿದೆಯೇ ಎಂದು ನೋಡಲಾಗುತ್ತದೆ. ಗ್ರಾಫೈಟ್ ಗ್ರೀಸನ್ನು ಗೇರ್‌ಬಾಕ್ಸಿನ ಕಡೆಯ ಮೂರನೆಯ ಎರಡು ಭಾಗಕ್ಕೆ ಮಾತ್ರ ಹಚ್ಚಿ, ಮಾಪಕದ ಕಡೆಯ ಭಾಗವನ್ನು ಒಣದಾಗಿ ಬಿಡಲಾಗುತ್ತದೆ. ತಿರುಗುವ ಕೇಬಲ್ ತಿರುಪಿನಂತೆ ಗ್ರೀಸನ್ನು ಮೇಲಕ್ಕೆ ಏರಿಸುವುದರಿಂದ ಪೂರ್ತಿ ಹಚ್ಚಿದರೆ ಅದು ಮಾಪಕದೊಳಗೆ ಸೇರುತ್ತದೆ.

ಎಣ್ಣೆ ಒತ್ತಡ ಮಾಪಕ: ಕೊಳವೆಯನ್ನು ಎರಡೂ ತುದಿಯಲ್ಲಿ ಕಳಚಿ ದ್ರಾವಕದಿಂದ ಕೆಸರು ತೆಗೆಯಲಾಗುತ್ತದೆ. ಬೂರ್ಡಾನ್ ಕೊಳವೆಗೆ ನೇರವಾಗಿ ಕಂಪ್ರೆಸರಿನ ಗಾಳಿ ಬಿಡಬಾರದು. ಅಳತೆ ಮೀರಿದ ಒತ್ತಡಕ್ಕೆ ಅದು ಶಾಶ್ವತವಾಗಿ ಹಿಗ್ಗಿ, ಮುಳ್ಳು ಸೊನ್ನೆಗೆ ಮರಳದಂತಾಗುತ್ತದೆ.

ಪರೀಕ್ಷೆ ಮತ್ತು ಹೊಂದಾಣಿಕೆ

ಜೋಡಿಸಿದ ಮಾಪಕವನ್ನು ಕಾರಿಗೆ ಕೂರಿಸುವ ಮೊದಲು ಮೇಜಿನ ಮೇಲೆಯೇ ಪರೀಕ್ಷಿಸುವುದು ಲೇಸು. ಕೇಬಲ್ ಒಂದು ಮೈಲಿಗೆ ಎಷ್ಟು ಸುತ್ತು ತಿರುಗಬೇಕೆಂಬ ಸಂಖ್ಯೆಯನ್ನು ಅನೇಕ ವೇಗಮಾಪಕಗಳ ಡಯಲಿನ ಮೇಲೆ ಸಣ್ಣದಾಗಿ ಮುದ್ರಿಸಿರುತ್ತಾರೆ. ಆ ಸಂಖ್ಯೆ 1000 ಆಗಿದ್ದರೆ, ನಿಮಿಷಕ್ಕೆ 1000 ಸುತ್ತು ತಿರುಗಿಸಿದಾಗ ಮಾಪಕವು ಗಂಟೆಗೆ 60 ಮೈಲಿ, ಅಂದರೆ ಸುಮಾರು 97 ಕಿಲೋಮೀಟರ್ ತೋರಿಸಬೇಕು. ವೇಗ ತಿಳಿದಿರುವ ವಿದ್ಯುತ್ ಡ್ರಿಲ್ಲಿನಿಂದ ಇದನ್ನು ನೋಡಬಹುದು. ತಿರುಗಿಸುವ ದಿಕ್ಕು ಕಾರಿನಲ್ಲಿರುವಂತೆಯೇ ಇರಬೇಕು. ತಲೆಕೆಳಗಾದರೆ ಮುಳ್ಳು ತಡೆಗೂಟಕ್ಕೆ ಒತ್ತಿಕೊಳ್ಳುತ್ತದೆ.

ತಾಪಮಾಪಕವನ್ನು ಪರೀಕ್ಷಿಸಲು ಅದರ ಬುರುಡೆಯನ್ನು ಬಿಸಿನೀರಿನಲ್ಲಿ ಇಳಿಬಿಟ್ಟು, ಪಕ್ಕದಲ್ಲಿ ಉಷ್ಣತಾಮಾಪಕವಿಟ್ಟು ಹೋಲಿಸಲಾಗುತ್ತದೆ. ನೀರು ಕುದಿಯುವ ಬಿಂದುವನ್ನೇ ಅಳತೆಗೋಲಾಗಿ ಬಳಸುವುದಾದರೆ ಸ್ಥಳದ ಎತ್ತರವನ್ನು ಗಮನಿಸಬೇಕು. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ವಿಜಯಪುರದಲ್ಲಿ ನೀರು 98 ಡಿಗ್ರಿಯಲ್ಲಿಯೇ ಕುದಿಯುತ್ತದೆ. ಮಂಗಳೂರಿನಲ್ಲಿ 100 ಡಿಗ್ರಿಯಲ್ಲಿ. ದ್ವಿಲೋಹ ಮಾಪಕಕ್ಕೆ ಬ್ಯಾಟರಿಯ 12 ವೋಲ್ಟನ್ನು ನೇರವಾಗಿ ಕೊಟ್ಟು ಪರೀಕ್ಷಿಸಿದರೆ ಒಳಗಿನ ತಂತಿಸುತ್ತು ಸುಟ್ಟುಹೋಗಬಹುದು.

ಸುರಕ್ಷತೆ

ಹಳೆಯ ಕೆಲವು ಮಾಪಕಗಳ ಅಂಕಿ ಮತ್ತು ಮುಳ್ಳುಗಳಿಗೆ ಕತ್ತಲೆಯಲ್ಲಿ ಹೊಳೆಯಲೆಂದು ರೇಡಿಯಂ ಬೆರೆತ ಬಣ್ಣ ಹಚ್ಚಿರುತ್ತಿದ್ದರು. ರೇಡಿಯಂ-226ರ ಅರ್ಧಾಯುಷ್ಯ ಸುಮಾರು 1600 ವರ್ಷ. ಬಣ್ಣದಲ್ಲಿರುವ ಸತುವಿನ ಸಲ್ಫೈಡ್ ಕೆಲವು ದಶಕಗಳಲ್ಲಿ ಹೊಳಪು ಕಳೆದುಕೊಳ್ಳುತ್ತದೆ. ಆದ್ದರಿಂದ ಮುಳ್ಳು ಈಗ ಹೊಳೆಯುತ್ತಿಲ್ಲ ಎಂಬುದು ವಿಕಿರಣ ಇಲ್ಲ ಎಂಬುದಕ್ಕೆ ಸಾಕ್ಷಿಯಲ್ಲ. 1920ರ ದಶಕದಲ್ಲಿ ಅಮೆರಿಕದ ಗಡಿಯಾರ ಡಯಲ್ ಕಾರ್ಖಾನೆಗಳಲ್ಲಿ ಕುಂಚದ ತುದಿಯನ್ನು ತುಟಿಯಲ್ಲಿ ಮೊನೆ ಮಾಡುತ್ತಿದ್ದ ಹೆಣ್ಣುಮಕ್ಕಳು ದವಡೆಯ ಮೂಳೆ ಕೊಳೆತು ಸತ್ತ ಘಟನೆಗಳು ಈ ಬಣ್ಣದ ಅಪಾಯವನ್ನು ಜಗತ್ತಿಗೆ ತಿಳಿಸಿದವು. ಕಂದು ಅಥವಾ ಹಳದಿಗೆ ತಿರುಗಿ ಉದುರುತ್ತಿರುವ ಹಳೆಯ ಹೊಳಪಿನ ಬಣ್ಣ ಕಂಡರೆ ಗಾಜನ್ನು ತೆರೆಯದೆ, ಕೆರೆಯದೆ, ಬಾಯಿಂದ ಊದದೆ ವಿಕಿರಣ ಅಳೆಯುವ ಸಾಧನ ಉಳ್ಳವರಿಂದ ಪರೀಕ್ಷೆ ಮಾಡಿಸುವುದು ಅಗತ್ಯ.

ಸೂಕ್ಷ್ಮನಾಳದಲ್ಲಿರುವ ಈಥರ್ ಮತ್ತು ಟ್ಯಾಂಕಿನಿಂದ ಏಳುವ ಪೆಟ್ರೋಲ್ ಆವಿ ಸುಲಭವಾಗಿ ಹೊತ್ತಿಕೊಳ್ಳುವಂಥವು. ಇಂತಹ ಕೆಲಸವನ್ನು ಗಾಳಿಯಾಡುವ ಜಾಗದಲ್ಲಿ, ಬೆಂಕಿ ಮತ್ತು ಬೆಸುಗೆಯಿಂದ ದೂರದಲ್ಲಿ ಮಾಡಬೇಕು.

ಭಾರತದಲ್ಲಿ ಮತ್ತು ಕರ್ನಾಟಕದಲ್ಲಿ

ಭಾರತದ ರಸ್ತೆಗಳಲ್ಲಿ ದಶಕಗಳ ಕಾಲ ಓಡಿದ ಹಿಂದುಸ್ತಾನ್ ಅಂಬಾಸಿಡರ್ ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರನ್ನೂ, ಪ್ರೀಮಿಯರ್ ಪದ್ಮಿನಿ ಇಟಲಿಯ ಫಿಯಟ್ 1100 ಕಾರನ್ನೂ, ಮದರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್ ಬ್ರಿಟನ್ನಿನ ಟ್ರಯಂಫ್ ಹೆರಾಲ್ಡನ್ನೂ ಆಧರಿಸಿದವು. ಭಾರತವು ಮೆಟ್ರಿಕ್ ಪದ್ಧತಿಗೆ ಬದಲಾದದ್ದು 1956ರ ಕಾಯಿದೆಯ ನಂತರವಾದ್ದರಿಂದ ಅದಕ್ಕೂ ಹಿಂದಿನ ಕಾರುಗಳ ಡಯಲುಗಳಲ್ಲಿ ಸಾಮಾನ್ಯವಾಗಿ ಮೈಲಿಗಳೇ ಕಾಣುತ್ತವೆ. ಇಂತಹ ಡಯಲನ್ನು ಕಿಲೋಮೀಟರಿಗೆ ಬದಲಿಸದೆ ಹಾಗೆಯೇ ಉಳಿಸಿಕೊಳ್ಳುವುದನ್ನು ಸಂಗ್ರಾಹಕರು ಮೆಚ್ಚುತ್ತಾರೆ.

ಕರ್ನಾಟಕದಲ್ಲಿ ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯ ಮತ್ತು ಶ್ರೀರಂಗಪಟ್ಟಣದ ಬಳಿಯ ಪಯಣ ಕಾರು ಸಂಗ್ರಹಾಲಯಗಳಲ್ಲಿ ಹಳೆಯ ಕಾರುಗಳನ್ನು ಸಾರ್ವಜನಿಕರು ನೋಡಬಹುದು.

ಕೇಂದ್ರ ಸರ್ಕಾರವು 2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು ವಿಂಟೇಜ್ ವಾಹನಗಳ ನೋಂದಣಿಗೆ ಪ್ರತ್ಯೇಕ ವ್ಯವಸ್ಥೆ ಮಾಡಿತು. ಮೊದಲ ನೋಂದಣಿಯಾಗಿ 50 ವರ್ಷ ಮೀರಿದ, ವಾಣಿಜ್ಯ ಬಳಕೆಯಲ್ಲಿಲ್ಲದ, ಮೂಲರೂಪದಲ್ಲಿ ಉಳಿಸಿಕೊಂಡ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳು ಇದರ ವ್ಯಾಪ್ತಿಗೆ ಬರುತ್ತವೆ. ಚಾಸಿ, ಹೊರಕವಚ ಅಥವಾ ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಟು ಆಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ ಶುಲ್ಕವಿದ್ದು, ನೋಂದಣಿ 10 ವರ್ಷ ಊರ್ಜಿತವಾಗಿರುತ್ತದೆ. ಸಂಖ್ಯಾಫಲಕದಲ್ಲಿ ರಾಜ್ಯದ ಸಂಕೇತದ ನಂತರ 'ವಿಎ' ಎಂಬ ಅಕ್ಷರಗಳಿರುತ್ತವೆ. ಇಂತಹ ವಾಹನಗಳನ್ನು ಪ್ರದರ್ಶನ, ರ್‍ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ತುಂಬಿಸುವುದು ಮತ್ತು ನಿರ್ವಹಣೆಯಂತಹ ಉದ್ದೇಶಗಳಿಗೆ ಮಾತ್ರ ರಸ್ತೆಗೆ ತರಬಹುದು.

ಸಂರಕ್ಷಣೆಯ ದೃಷ್ಟಿ

ಅಂಟಿಕೊಂಡ ಮಾಪಕಕ್ಕೆ ಬದಲಾಗಿ ಹೊಸ ಮಾಪಕವನ್ನೋ, ಹಳೆಯ ಡಯಲಿನ ಹಿಂದೆ ಆಧುನಿಕ ವಿದ್ಯುನ್ಮಾನ ಯಂತ್ರವನ್ನೋ ಕೂರಿಸುವ ರೂಢಿಯೂ ಇದೆ. ಅದು ನಿಖರವಾದರೂ ಕಾರಿನ ಮೂಲರೂಪವನ್ನು ಕಡಿಮೆ ಮಾಡುತ್ತದೆ. ಡಯಲಿಗೆ ಹೊಸ ಬಣ್ಣ ಬಳಿಯುವುದು, ಮೈಲಿ ಎಣಿಕೆಯನ್ನು ಸೊನ್ನೆಗೆ ತರುವುದು ಕೂಡ ಹಿಂದಕ್ಕೆ ಪಡೆಯಲಾಗದ ಬದಲಾವಣೆಗಳು. ಆದಷ್ಟು ಕಡಿಮೆ ಕೈಹಾಕುವುದು, ಮಾಡಿದ್ದನ್ನು ಬರೆದಿಡುವುದು, ತೆಗೆದ ಭಾಗಗಳನ್ನು ಎಸೆಯದೆ ಕಾರಿನೊಂದಿಗೇ ಇಡುವುದು ಸಂರಕ್ಷಕರು ಒಪ್ಪಿರುವ ಕ್ರಮ. ಎಣ್ಣೆ ಒತ್ತಡದ ಮಾಪಕದ ಕೊಳವೆ ಬಿರುಕುಬಿಟ್ಟಿದ್ದರೆ ಅಥವಾ ಅದರ ಸೂಚನೆಯನ್ನು ನಂಬಲಾಗದಿದ್ದರೆ, ಮೂಲ ಮಾಪಕವನ್ನು ನೋಟಕ್ಕಾಗಿ ಉಳಿಸಿಕೊಂಡು, ಬಾನೆಟ್ಟಿನ ಕೆಳಗೆ ಕಾಣದಂತೆ ಮತ್ತೊಂದು ಮಾಪಕವನ್ನೋ ಎಚ್ಚರಿಕೆಯ ದೀಪವನ್ನೋ ಜೋಡಿಸಲಾಗುತ್ತದೆ. ಇದರಿಂದ ಡ್ಯಾಶ್‌ಬೋರ್ಡಿನ ಮೂಲರೂಪವೂ ಎಂಜಿನ್ನೂ ಎರಡೂ ಉಳಿಯುತ್ತವೆ.